ನೆಟ್ಟಗೆ ನಿಂತ ಭಾಗ್ಯದೇವತೆ

ಮಾರ್ಚ್ 12, ಬೆಳಿಗ್ಗೆ 9.40. ಇಟಲಿಯ ಉಂಬ್ರಿಯಾ ಪ್ರಾಂತ್ಯದ ರೋಕ್ಕಾಲ್ಬಾ ಠಾಣೆಗೆ ಪುರಸಭೆಯ ವಸ್ತುಸಂಗ್ರಹಾಲಯದ ನಿರ್ದೇಶಕ ಎಲ್ವಿಯೊ ದೂರು ತಂದರು. ಗಾಜಿನ ಪೆಟ್ಟಿಗೆಯಲ್ಲಿರುವ ಟ್ರಾಜನ್ ಚಕ್ರವರ್ತಿಯ ಚಿನ್ನದ ನಾಣ್ಯ ನಕಲಿ. ತೂಕ ಅರ್ಧ ಗ್ರಾಂ ಕಡಿಮೆ. ಬೀಗದ ಕೈ ಕಾವಲುಗಾರ್ತಿ ನೆರೀನಾ ಬಳಿ ಮಾತ್ರ ಇತ್ತು.

"ಅವಳನ್ನ ಒಳಗೆ ಹಾಕಿ."

"ಮೊದಲು ಎಫ್‌ಐಆರ್ ಬರೀತೀನಿ ಸಾರ್. ಒಳಗೆ ಯಾರು, ಹೊರಗೆ ಯಾರು ಅಂತ ಆಮೇಲೆ ನೋಡೋಣ," ಎಂದರು ಇನ್ಸ್‌ಪೆಕ್ಟರ್ ಒರ್ಸೋಲಾ.

11.15ಕ್ಕೆ ಸಂಗ್ರಹಾಲಯದಲ್ಲಿ ಪಂಚನಾಮೆ. ನೆರೀನಾಳ ನಿವೃತ್ತಿಗೆ ಐದೇ ತಿಂಗಳು ಬಾಕಿ. ಆರೋಪ ಬಂದರೆ ಪಿಂಚಣಿಯೂ ಹೋಗುತ್ತದೆ, ಮಾನವೂ ಹೋಗುತ್ತದೆ. ಕಾನ್‌ಸ್ಟೇಬಲ್ ತುಲ್ಲಿಯೊ ಅವಳಿಗೆ ಕಾಫಿ ತಂದು ಸಕ್ಕರೆಯನ್ನೂ ತಾನೇ ಕಲಕಿ ಕೊಟ್ಟ.

"ಪೆಟ್ಟಿಗೆ ಯಾವಾಗ ತೆಗೆದಿದ್ರಿ?"

"ಜನವರೀಲಿ, ಎರಡು ಸಲ. ಅಕ್ಕಸಾಲಿ ಸೆತ್ತಿಮಿಯೊ ನಾಣ್ಯದ ಹೊಸ ಸ್ಟ್ಯಾಂಡಿಗೆ ಅಳತೆ ತಗೊಳ್ಳೋಕೆ ಒಂದ್ಸಲ, ಕೂರಿಸೋಕೆ ಒಂದ್ಸಲ. ಎರಡು ಸಲಾನೂ ನೀರು ಕೇಳಿದ್ರು. ತರೋಕೆ ಹೋಗಿದ್ದೆ."

ಒರ್ಸೋಲಾ ಸಂಗ್ರಹಾಲಯದ 1954ರ ದಾಖಲೆ ಪುಸ್ತಕ ತೆರೆದರು. 'ಎಡದಿಂದ ಬಲಕ್ಕೆ ಮಗುಚಿದರೆ ಹಿಂಬದಿಯ ಭಾಗ್ಯದೇವತೆ ತಲೆಕೆಳಗು' ಎಂದಿತ್ತು. ನಕಲಿಯನ್ನು ಮಗುಚಿದರು. ಚುಕ್ಕಾಣಿ ಹಿಡಿದ ದೇವತೆ ನೆಟ್ಟಗೆ ನಿಂತಿದ್ದಳು.

"ಇಷ್ಟು ಚೆನ್ನಾಗಿ ಮಾಡಿದವನು ಇಲ್ಲಿ ಯಾಕೆ ಎಡವಿದ ಮೇಡಂ?" ಎಂದ ತುಲ್ಲಿಯೊ.

"ನಿನ್ನ ಕೊರಳಿನ ಪದಕ ತಿರುಗಿಸು."

ಒಂದು ಕಡೆ ಮಾತೆ ಮರಿಯಾ, ಇನ್ನೊಂದು ಕಡೆ ಸಂತರು. ಇಬ್ಬರೂ ನೆಟ್ಟಗಿದ್ದರು.

"ನೇತಾಡೋ ಪದಕದಲ್ಲಿ ಸಂತರನ್ನ ತಲೆಕೆಳಗೆ ನಿಲ್ಲಿಸೋಕಾಗುತ್ತಾ? ಪದಕ ಮಾಡಿ ಪಳಗಿದ ಕೈ ಇದು. ನಿನ್ನದು ಯಾರು ಮಾಡಿದ್ದು?"

"ಸೆತ್ತಿಮಿಯೊ. ಊರಿಗೆಲ್ಲ ಅವರೇ."

ಸಂಜೆ 4.30ಕ್ಕೆ ಶೋಧ. ಸೆತ್ತಿಮಿಯೊನ ಮೇಜಿನಲ್ಲಿ ನಾಣ್ಯದ ಎರಡು ಮುಖಗಳ ಮೇಣದ ಅಚ್ಚುಗಳು ಸಿಕ್ಕವು. ಗೋಡೆಯ ಮೇಲಿದ್ದ ಅವನ ತಂದೆಯ ಫೋಟೊದ ಹಿಂದೆ ಅಸಲಿ ನಾಣ್ಯವಿತ್ತು.

"ಮಾರೋಕಲ್ಲ ಮೇಡಂ."

"ಮತ್ತೆ?"

"ದ್ರಾಕ್ಷಿ ತೋಟ ಅಗೆಯುವಾಗ ಇದು ಸಿಕ್ಕಿದ್ದು ನಮ್ಮಪ್ಪನಿಗೆ. ಸಂಗ್ರಹಾಲಯದ ಫಲಕದಲ್ಲಿ ಮಾತ್ರ ತೋಟದ ಒಡೆಯನ ಹೆಸರು. ಹೆಸರು ತಿದ್ದಿ ಅಂತ ಮೂರು ಅರ್ಜಿ ಕೊಟ್ಟೆ, ಯಾರೂ ಓದಲಿಲ್ಲ."

"ನೆರೀನಾ ಜೈಲಿಗೆ ಹೋಗ್ತಿದ್ರು."

ಅವನು ತಲೆ ತಗ್ಗಿಸಿದ. "ಅದನ್ನ ಯೋಚಿಸಲಿಲ್ಲ."

5.10ಕ್ಕೆ ಬಂಧನ. ಆರು ಗಂಟೆಗೆ, ಜಪ್ತಿಯಾದ ನಾಣ್ಯವನ್ನು ಗುರುತಿಸಲು ಬಂದ ನೆರೀನಾ ಅದನ್ನು ಬಲಕ್ಕೆ ಮಗುಚಿದಳು. ದೇವತೆ ತಲೆಕೆಳಗಾದಳು. ಠಾಣೆಯ ಬಾಗಿಲಲ್ಲಿ ನೆರೆದಿದ್ದ ಜನ ಚಪ್ಪಾಳೆ ತಟ್ಟಿದರು. ನಿರ್ದೇಶಕರು ಎಲ್ಲರೆದುರು ಅವಳ ಕ್ಷಮೆ ಕೇಳಿದರು.

ಒರ್ಸೋಲಾ ಕೊನೆಗೆ ಆರೋಪಿಯ ಹೇಳಿಕೆ ಬರೆದುಕೊಂಡರು: ನಾಣ್ಯ ಸಿಕ್ಕಿದ್ದು ನನ್ನ ತಂದೆ, ಕೂಲಿ ಅನ್ಸೆಲ್ಮೊಗೆ. ಆ ನಾಣ್ಯದ ಸರ್ಕಾರಿ ಕಾಗದದ ಮೇಲೆ ಆ ಹೆಸರು ಬಂದದ್ದು ಅದೇ ಮೊದಲು. ಸೆತ್ತಿಮಿಯೊ ಅದನ್ನು ಎರಡು ಸಲ ಓದಿ, ಸಹಿ ಹಾಕಿದ.