ಕನೇಲಾ ಊಟ ಬಿಟ್ಟ ಚಳಿಗಾಲ

"ನನ್ನ ನಾಯಿ ಬಾಯಿಗೆ ಏನೋ ತುರುಕ್ತಿದ್ದೀಯ? ಕೈ ತೆಗಿ! ತೆಗಿಯೋ ಕೈ!"

ಯಾಸ್ನಾಳ ಕೂಗಿಗೆ ಗುಡ್ಡದ ಮೆಟ್ಟಿಲುಬೀದಿಯ ಕಿಟಕಿಗಳೆಲ್ಲ ದಡಬಡ ತೆರೆದುಕೊಂಡವು.

ಮೆಟ್ಟಿಲ ಮೇಲೆ ಮಂಡಿಯೂರಿದ್ದವನು ತಲೆ ಎತ್ತಲಿಲ್ಲ. ಅವನ ಬೆರಳುಗಳು ಕನೇಲಾಳ ಗಂಟಲೊಳಗಿದ್ದವು. ಪಕ್ಕದಲ್ಲಿ ಪ್ಲಾಸ್ಟಿಕ್ ಚೀಲ, ಅದರ ತುಂಬ ಹಸಿ ಮಾಂಸದ ಉಂಡೆಗಳು. ಸ್ವಲ್ಪ ಕೆಳಗೆ ಅವಳ ಇನ್ನೊಂದು ನಾಯಿ ಮೋರೊ... ಕಾಲುಗಳು ಸೆಟೆದು, ಬಾಯಲ್ಲಿ ನೊರೆ!

"ವಿಷ ಕಣ್ರೀ! ಮೊದ್ಲು ಡಾಕ್ಟರ ಹತ್ರ ಓಡಿ, ಬೈಯೋದು ಆಮೇಲೆ!" ಅಂದ ಅವನು.

ಇತ್ತೀಚೆಗಷ್ಟೇ ಗುಡ್ಡಕ್ಕೆ ಬಂದಿದ್ದ ಗ್ಯಾಸ್ ಸಿಲಿಂಡರ್ ಹೊರುವವನು. ಅವನ ಹೆಸರೂ ಅವಳಿಗೆ ಗೊತ್ತಿರಲಿಲ್ಲ.

"ಚೀಲ ನೋಡೇ ಯಾಸ್ನಾ!" ಪಕ್ಕದ ಮನೆಯ ಬಾಗಿಲಿನಿಂದ ಎಲ್ಬಾ ಅಜ್ಜಿ ಬೆರಳು ತೋರಿಸಿದಳು. "ಅವನ ಹತ್ರಾನೇ ಇದೆಯಲ್ಲೇ!"

ಎಂಪನಾಡಾ ಕಡುಬಿಗೆ ಹಿಟ್ಟು ಲಟ್ಟಿಸುತ್ತಿದ್ದ ಯಾಸ್ನಾ ಹಾಗೇ ಓಡಿ ಬಂದಿದ್ದಳು. ಕೈಯಲ್ಲಿ ಲಟ್ಟಣಿಗೆ ಇತ್ತು. ಹೇಗೆ ಎತ್ತಿದಳೋ, ಹೇಗೆ ಬೀಸಿದಳೋ... ಅವನ ಹುಬ್ಬು ಸೀಳಿ ರಕ್ತ ಚಿಮ್ಮಿತು.

"ಬೇರೆ ನಾಯಿ ತಿನ್ಬಾರ್ದು ಅಂತ ಬಿದ್ದಿದ್ದನ್ನ ಆಯ್ತಿದ್ದೆ ನಾನು..." ಅಂದ.

ಯಾರೂ ಕೇಳಿಸಿಕೊಳ್ಳಲಿಲ್ಲ. ಪೊಲೀಸರು ಬರುವಷ್ಟರಲ್ಲಿ ಮೋರೊ ಸತ್ತಿದ್ದ. ಕನೇಲಾ ಬದುಕಿಕೊಂಡಳು.

ಎರಡೂ ಯಾಸ್ನಾಳ ಅಪ್ಪ ಸಾಕಿದ ನಾಯಿಗಳು. ಅಪ್ಪ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವಳಿಗೆ ಇದ್ದ ಉಸಿರಿನ ಸದ್ದು ಅಂದರೆ ಅವೆರಡೇ.

ಸಾಕ್ಷಿ ಇಲ್ಲವೆಂದು ಪೊಲೀಸರು ಅವನನ್ನು ಬಿಟ್ಟರು. ಗುಡ್ಡ ಬಿಡಲಿಲ್ಲ. 'ವಿಷದವನು' ಬಂದರೆ ಯಾರೂ ಬಾಗಿಲು ತೆಗೆಯುತ್ತಿರಲಿಲ್ಲ. ಗ್ಯಾಸ್ ಕೆಲಸ ಹೋಯಿತು. ಅವನ ಹೆಸರು ಅಲಿರೊ ಎಂದೂ, ಈಗ ಕೆಳಗೆ ಬಂದರಿನಲ್ಲಿ ಮೀನು ಹೆರೆಯುತ್ತಾನೆಂದೂ ಯಾಸ್ನಾಳ ಕಿವಿಗೆ ಬಿತ್ತು.

'ಆಗಲಿ! ಇನ್ನೂ ಆಗಲಿ ಅವನಿಗೆ!' ಅಂದುಕೊಂಡಳು.

ಆದರೆ ಕನೇಲಾ ತಿನ್ನುವುದನ್ನೇ ಬಿಟ್ಟಳು.

ಕೋಳಿ ಸಾರು ಇಟ್ಟರೆ ಮೂಸಿ ಮುಖ ತಿರುಗಿಸುವಳು. ಕೊಚ್ಚಿದ ಮಾಂಸ ಕಂಡರಂತೂ ಮಂಚದಡಿ ನುಗ್ಗಿ ನಡುಗುವಳು. ಅಂಗಡಿಯ ನಾಯಿ ತಿಂಡಿ ಬಟ್ಟಲಲ್ಲೇ ಇರುವೆ ಪಾಲಾಗುತ್ತಿತ್ತು. ಪಕ್ಕೆಲುಬು ಒಂದೊಂದಾಗಿ ಎದ್ದು ಕಂಡವು.

"ವಾಸನೆಗೇ ಹೆದರ್ತಾಳೆ," ಅಂದರು ಡಾಕ್ಟರು. "ಲಿವರ್‌ಗೂ ಏಟು ಬಿದ್ದಿದೆ. ಉಪ್ಪು, ಈರುಳ್ಳಿ ಏನೂ ಹಾಕದೆ ಮನೇಲೇ ಬಿಸ್ಕತ್ತು ಮಾಡಿ ನೋಡಮ್ಮ. ಒಂದು ಸಲ ತಿಂದ್ರೆ ಸಾಕು."

ಓಟ್ಸ್ ಪುಡಿ, ಬೇಯಿಸಿದ ಸಿಹಿಕುಂಬಳ, ಒಂದು ಮೊಟ್ಟೆ. ಮೊದಲ ಸಲದ್ದು ಕರಕಲಾಯಿತು. ಮರುದಿನದ್ದು ಒಳಗೆ ಹಸಿಯೇ ಉಳಿಯಿತು. ಅದರ ಮಾರನೆಯ ದಿನದ್ದನ್ನು ಕನೇಲಾ ಬಾಯಲ್ಲಿ ಎತ್ತಿಕೊಂಡಳು... ಅದನ್ನು ಅಂಗಳಕ್ಕೆ ಒಯ್ದು ಮಣ್ಣಲ್ಲಿ ಹೂತುಬಿಟ್ಟಳು!

ಎಲ್ಬಾ ಅಜ್ಜಿ ದಿನಾ ಬಂದು ಅಡುಗೆಮನೆಯಲ್ಲಿ ಜೊತೆಗೆ ಕೂರುತ್ತಿದ್ದಳು. ಆ ಮಧ್ಯಾಹ್ನವೂ ಕುಂಬಳ ಹಿಸುಕುತ್ತಿದ್ದಳು.

"ಇವಳೂ ಸತ್ರೆ ಅವನನ್ನ ಸುಮ್ನೆ ಬಿಡಲ್ಲ ಅಜ್ಜಿ," ಅಂದಳು ಯಾಸ್ನಾ, ಕಣ್ಣೊರೆಸಿಕೊಳ್ಳುತ್ತ. "ದೇವರಾಣೆ ಬಿಡಲ್ಲ."

ಮುದುಕಿಯ ಕೈ ನಿಂತಿತು.

"ಅವನಲ್ಲ ಮಗಳೇ."

"ಏನು?"

"ಕಣಿವೆ ಹತ್ರದ ಆ ಬೀದಿನಾಯಿ ನನ್ನ ಮೊಮ್ಮಗಳ ಕೆನ್ನೆ ಹರಿದು ಹಾಕ್ತಲ್ಲ... ಮಗು ಈಗ್ಲೂ ಕನ್ನಡಿ ನೋಡಲ್ಲ ಕಣೇ. ಆ ನಾಯಿಗೇ ಅಂತ ವಿಷದ ಉಂಡೆ ಇಟ್ಟಿದ್ದೆ. ನಿನ್ನ ಮೋರೊ ತಿಂತಾನೆ ಅಂತ ನಾನು..."

ಯಾಸ್ನಾ ಅವಳ ಮುಂದಿನ ಕುಂಬಳದ ಬಟ್ಟಲನ್ನು ಎಳೆದುಕೊಂಡಳು.

"ಅವತ್ತು ಅವನ ಕಡೆ ಬೆರಳು ತೋರ್ಸಿದ್ದು ನೀವೇ."

"ಹೆದ್ರಿಕೆ ಆಯ್ತು."

"ಇಷ್ಟು ದಿನ ಇಲ್ಲೇ ಕೂತು... ನನ್ನ ಜೊತೆ ಅತ್ರಲ್ಲ!"

"ಆ ಅಳು ಸುಳ್ಳಲ್ಲ, ಯಾಸ್ನಾ."

"ಎದ್ದು ಹೋಗಿ."

ಎಲ್ಬಾ ಅಜ್ಜಿ ಕೈ ಕೂಡ ತೊಳೆಯದೆ ಎದ್ದು ಹೋದಳು.

ಒಲೆಯಿಂದ ತೆಗೆದ ಬಿಸ್ಕತ್ತನ್ನು ಬಟ್ಟೆಯಲ್ಲಿ ಸುತ್ತಿ, ಕನೇಲಾಳನ್ನು ತೋಳಲ್ಲೆತ್ತಿ ಯಾಸ್ನಾ ಮೆಟ್ಟಿಲು ಹತ್ತಿದಳು. ಎಷ್ಟು ಹಗುರಾಗಿಬಿಟ್ಟಿದ್ದಾಳೆ ಇವಳು!

ಗುಡ್ಡದ ತುದಿಯ ತಗಡಿನ ಮನೆಯ ಮುಂದೆ ಅಲಿರೊ ಬೂಟಿಗೆ ಮೆತ್ತಿದ್ದ ಮೀನಿನ ಹುರುಪೆ ತೊಳೆಯುತ್ತಿದ್ದ. ಅವಳನ್ನು ಕಂಡದ್ದೇ ತಟ್ಟನೆ ಹಿಂದೆ ಸರಿದು ಕೈ ಅಡ್ಡ ಹಿಡಿದ.

ಆ ಕೈ ನೋಡಿ ಅವಳ ಎದೆ ಒಡೆದುಹೋಯಿತು.

"ಇನ್ನೂ ಬಾಕಿ ಇತ್ತಾ?" ಅಂದ.

"ತಪ್ಪಾಯ್ತು... ಎಲ್ಬಾ ಅಜ್ಜಿ ಎಲ್ಲಾ ಒಪ್ಕೊಂಡ್ರು."

"ಓಹೋ! ಅವರು ಹೇಳಿದ್ಮೇಲೆ ನಂಬಿದ್ರಿ. ನಾನು ಹೇಳ್ದಾಗ?"

ಕನೇಲಾ ಯಾಸ್ನಾಳ ತೋಳಿಂದ ಜಾರಿ ಇಳಿದು, ತೂರಾಡುತ್ತ ಹೋಗಿ ಅವನ ಒದ್ದೆ ಬೂಟಿನ ಮೇಲೆ ಮೂತಿ ಇಟ್ಟಳು.

ಅವನ ಮುಖ ಬದಲಾಯಿತು. "ಏನ್ರೀ ಇದು, ಬರೀ ಮೂಳೆ!"

"ಏನೂ ತಿಂತಿಲ್ಲ. ಇದನ್ನ ಮಾಡ್ದೆ..."

ಅವನು ಬಿಸ್ಕತ್ತನ್ನು ಕಲ್ಲಿಗೆ ಕುಟ್ಟಿದ. "ಯಪ್ಪಾ! ಮನೆ ಕಟ್ಟೋಕೆ ಮಾಡಿದ್ದಾ ಇದನ್ನ?"

ಅಷ್ಟು ದಿನಗಳ ಮೇಲೆ ಅವಳಿಗೆ ನಗು ಬಂತು. ನಗುವಿನ ಬೆನ್ನಿಗೇ ಅಳು.

ಅವನು ಬಿಸಿನೀರಲ್ಲಿ ಚೂರು ನೆನೆಸಿ, ಅಂಗೈಯಲ್ಲಿಟ್ಟು ನೆಲದ ಹತ್ತಿರ ಹಿಡಿದ. ಕರೆಯಲಿಲ್ಲ, ಮುದ್ದಿಸಲಿಲ್ಲ, ಸುಮ್ಮನೆ ಕಾದ. ಕನೇಲಾ ಮೂಸಿದಳು. ನೆಕ್ಕಿದಳು. ತಿಂದಳು!

"ಜೋರಾಗಿ ಅಳ್ಬೇಡಿ. ಬೆಚ್ಚಿ ತಿನ್ನೋದು ಬಿಟ್ಬಿಡ್ತಾಳೆ," ಪಿಸುಗುಟ್ಟಿದ ಅಲಿರೊ. ಆಮೇಲೆ ಅವಳತ್ತ ನೋಡದೆಯೇ ಹೇಳಿದ: "ಇರೋದು ಎರಡೇ ಕೈ. ಇವಳು ಹತ್ರ ಇದ್ಲು ಅಂತ ಮೊದ್ಲು ಇವಳ ಗಂಟಲಿಗೆ ಕೈ ಹಾಕ್ದೆ. ಮೋರೊ ನನ್ನೇ ನೋಡ್ತಿದ್ದ... ನಿಮ್ಮ ಏಟಿಗಿಂತ ಅದೇ ಜಾಸ್ತಿ ನೋಯೋದು."

ಮರುದಿನ ಬೆಳಿಗ್ಗೆ ಮೆಟ್ಟಿಲುಬೀದಿಯ ನಡುವೆ ನಿಂತು ಯಾಸ್ನಾ ಕೂಗಿ ಹೇಳಿದಳು: "ಅಲಿರೊ ತಪ್ಪು ಮಾಡಿಲ್ಲ! ನನ್ನ ನಾಯಿ ಜೀವ ಉಳಿಸಿದವನಿಗೆ ನಾನೇ ಹೊಡ್ದಿದ್ದು!" ಕೆಲವರು ತಲೆ ತಗ್ಗಿಸಿದರು, ಕೆಲವರು ಕಿಟಕಿ ಮುಚ್ಚಿಕೊಂಡರು. ಎಲ್ಬಾ ಅಜ್ಜಿ ಮಗಳ ಊರಿಗೆ ಹೊರಟುಹೋದಳು. ಅವಳ ಬಾಗಿಲ ಬೀಗ ಕಂಡಾಗ ಯಾಸ್ನಾಳಿಗೆ ನೆಮ್ಮದಿಯೇನೂ ಆಗಲಿಲ್ಲ.

ಅಲಿರೊ ದಿನಾ ಸಂಜೆ ಬರತೊಡಗಿದ. ಕನೇಲಾ ಅವನ ಅಂಗೈಯಿಂದ ಮಾತ್ರ ತಿನ್ನುತ್ತಿದ್ದಳು.

"ಹಿಟ್ಟು ಕಮ್ಮಿ ಮಾಡಿ, ಕುಂಬಳ ಜಾಸ್ತಿ. ತೆಳ್ಳಗೆ ತಟ್ಟಿ, ಸಣ್ಣ ಉರೀಲಿ ಇಡಿ."

"ಎಂಪನಾಡಾ ಮಾರೋಳಿಗೆ ಹಿಟ್ಟಿನ ಪಾಠನಾ?"

"ಮಹಾರಾಣಿ ಪಾಸ್ ಮಾಡ್ಬೇಕಲ್ರೀ!"

ಕೆಲವು ಸಂಜೆ ಮಹಾರಾಣಿ ಒಂದನ್ನೂ ಮುಟ್ಟುತ್ತಿರಲಿಲ್ಲ. ಆಗ ಇಬ್ಬರೂ ನೆಲದ ಮೇಲೆ ಅವಳ ಎರಡು ಪಕ್ಕ ಕೂರುತ್ತಿದ್ದರು. ಅವನು ಎದ್ದು ಹೋದ ಮೇಲೆ ಮನೆ ಇನ್ನಷ್ಟು ದೊಡ್ಡದಾದಂತೆ ಯಾಸ್ನಾಳಿಗೆ ಅನ್ನಿಸುತ್ತಿತ್ತು. 'ನಾಯಿಗೋಸ್ಕರ ಬರ್ತಾನೆ, ಅಷ್ಟೇ. ಹೊಡೆದ ಕೈಗೆ ಬೇರೆ ಯಾವ ಆಸೆ?'

ಚಳಿ ಕಳೆಯಿತು. ಲಿವರ್ ಮಾತ್ರ ಸುಧಾರಿಸಲಿಲ್ಲ. ಒಂದು ಬೆಳಿಗ್ಗೆ, ಯಾಸ್ನಾ ಕರೆಸಿದ್ದಕ್ಕೆ ಓಡಿ ಬಂದ ಅಲಿರೊನ ಅಂಗೈಯನ್ನೂ ಕನೇಲಾ ಮೂಸಿ ಕಣ್ಣು ಮುಚ್ಚಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಉಸಿರು ನಿಂತಿತು.

ಮನೆ ಹಿಂದಿನ ಇಳಿಜಾರಿನಲ್ಲಿ, ಮೋರೊ ಪಕ್ಕದಲ್ಲೇ ಅವಳನ್ನು ಮಣ್ಣು ಮಾಡಿದರು. ಅವನು ಅಗೆದ, ಯಾಸ್ನಾ ಕೈಯಿಂದಲೇ ಮಣ್ಣು ಎಳೆದು ಮುಚ್ಚಿದಳು.

"ಬರ್ತೀನಿ," ಅಂದ ಅಲಿರೊ, ಗುದ್ದಲಿ ಒರಗಿಸಿಟ್ಟು. ದಿನಾ ಹೇಳುತ್ತಿದ್ದ 'ನಾಳೆ' ಅನ್ನುವ ಮಾತು ಇವತ್ತು ಇರಲಿಲ್ಲ.

ಅಯ್ಯೋ! ನಾಳೆಯಿಂದ ಇವನು ಬರಲು ಕಾರಣವೇ ಇಲ್ಲವಲ್ಲ!

"ಅಲಿರೊ! ನಾಳೆ ಬಾ."

ಮೊದಲ ಸಲ ಅವಳು ಅವನನ್ನು ಪ್ರೀತಿಯಿಂದ ಏಕವಚನದಲ್ಲಿ ಕರೆದಿದ್ದಳು. ಅವನು ತಿರುಗಿ ನಿಂತ.

"ನಾಳೆ ಯಾರಿಗೆ ತಿನ್ನಿಸ್ಲಿ, ಯಾಸ್ನಾ?"

"ಯಾರಿಗೂ ಬೇಡ. ಸುಮ್ನೆ ಬಂದು ಕೂತ್ಕೋ. ಕನೇಲಾ ಇರ್ಲಿ, ಇಲ್ದೇ ಇರ್ಲಿ... ಸಂಜೆ ಆದ್ರೆ ನಾನು ಕಾಯೋದು ನಿನ್ನನ್ನೇ. ಇದನ್ನ ಹೇಳೋ ಯೋಗ್ಯತೆ ನಂಗಿಲ್ಲ, ಗೊತ್ತು..."

ಅವನು ಬಾಗಿ ಹೊಸ ಮಣ್ಣನ್ನು ಅಂಗೈಯಿಂದ ತಟ್ಟಿ ಸಮ ಮಾಡಿದ.

"ಹೊಡ್ದವಳ ಮೇಲೆ ಮನಸ್ಸಿಡ್ಬೇಡ್ವೋ ಅಂತ ದಿನಾ ನನಗೆ ನಾನೇ ಬೈಕೊಂಡೇ ಮೆಟ್ಲಿಳೀತಿದ್ದೆ," ಅಂದ. "ನಿನ್ನ ಬಾಗ್ಲು ತಲುಪೋ ಹೊತ್ತಿಗೆ ಬೈಗುಳ ಎಲ್ಲಾ ಮುಗಿದೋಗಿರ್ತಿತ್ತು."

ಅವಳು ಅಳುತ್ತಲೇ ಅವನ ಕೈ ಹಿಡಿದಳು.

"ಕೈಯೆಲ್ಲ ಮಣ್ಣಾಗಿದೆ ಕಣೇ."

"ನಂದೂ," ಅಂದಳು ಯಾಸ್ನಾ, ಬಿಡದೆ.