ಶೇಷಗಿರಿಯವರ ಸಾವಯವ ಬುಟ್ಟಿ

ಆಫೀಸಿನ ಕೆಲಸದ ಮೇಲೆ ಎರಡು ಸಲ ಯುರೋಪ್ ಸುತ್ತಿಬಂದ ಮೇಲೆ ಅಮೆರಿಕದ ಡೆಟ್ರಾಯಿಟ್ ಪಕ್ಕದ ಲಿವೋನಿಯಾದ ಶೇಷಗಿರಿಯವರಿಗೆ ಸಾವಯವ ಕೃಷಿಯ ಹುಚ್ಚು ಹಿಡಿದಿತ್ತು. ಬಾಯಲ್ಲಿ ಮಾತ್ರ. ಆಸ್ಟ್ರಿಯಾದಲ್ಲಿ ಹತ್ತು ಹೊಲಕ್ಕೊಂದು ಸಾವಯವವಂತೆ, ಡೆನ್ಮಾರ್ಕಿನ ಸಾಧಾರಣ ಅಂಗಡಿಯಲ್ಲೂ ಸಾವಯವ ಕ್ಯಾರೆಟ್ಟಂತೆ, ಇಟಲಿಯದಂತೂ ಕೇಳಲೇಬೇಡಿ! ೨೦೦೨ರ ಕನ್ನಡ ಸಂಘದ ಪಿಕ್ನಿಕ್ಕಿನಲ್ಲಿ ಇದನ್ನೆಲ್ಲ ಮುಕ್ಕಾಲು ಗಂಟೆ ಕೊರೆದು ಮುಗಿಸಿದಾಗ, ಹೊಸದಾಗಿ ಸಂಘ ಸೇರಿದ್ದ ವಸುಧಾ ತಣ್ಣಗೆ ಕೇಳಿದಳು: "ಅದೆಲ್ಲಾ ಸರಿ ಅಂಕಲ್, ನೀವೇನ್ ಬೆಳೆದಿದೀರಿ?"

ಎಲ್ಲರೂ ನಕ್ಕುಬಿಟ್ಟರು. ಶೇಷಗಿರಿಯವರಿಗೆ ಮೈಯೆಲ್ಲ ಉರಿಯಿತು. ಅವರ ಹಿತ್ತಲಲ್ಲಿ ಇದ್ದದ್ದು ಬರೀ ಹುಲ್ಲು.

ಮರುವರ್ಷ ಜುಲೈಗೆ ಸಂಘ ಸಾವಯವ ತರಕಾರಿ ಸ್ಪರ್ಧೆ ಇಟ್ಟಿತು. ಗೆದ್ದವರಿಗೆ ಕೈತೋಟ ಸಮಿತಿಯ ಅಧ್ಯಕ್ಷ ಪಟ್ಟ. ಅದು ಆ ಹುಡುಗಿಗೆ ಹೋಯಿತೆಂದರೆ ಇವರು ಇನ್ನು ಯುರೋಪಿನ ಸುದ್ದಿ ಎತ್ತುವಂತೆಯೇ ಇಲ್ಲ. ಬೆಳೆಯುವುದು ತಮ್ಮಿಂದಾಗದ ಕೆಲಸ. ಆದರೆ ಕೊಂಡು ತರುವುದಕ್ಕೇನು ಕಷ್ಟ?

ಮೇ ತಿಂಗಳಿಂದಲೇ ಮಾತುಮಾತಿಗೆ "ನಮ್ಮ ತೋಟ" ಎನ್ನತೊಡಗಿದರು. ನೋಡಲು ಬರ್ತೀವಿ ಅಂದವರಿಗೆ, "ಈಗ ಬೇಡ, ಮಣ್ಣು ರೆಸ್ಟ್ ತಗೋತಿದೆ. ಆಸ್ಟ್ರಿಯಾದಲ್ಲೂ ಹಾಗೇ ಬಿಡ್ತಾರೆ" ಎಂದರು. ಡೆಟ್ರಾಯಿಟ್ ಕಡೆಯ ಅಂಗಡಿಗಳಲ್ಲಿ ಕೊಂಡರೆ ಯಾರ ಕಣ್ಣಿಗಾದರೂ ಬೀಳುತ್ತಾರೆ. ಅದಕ್ಕೇ ಶಿಕಾಗೋ ಪಕ್ಕದ ಇಟಾಸ್ಕಾದಲ್ಲಿ ಮೀಟಿಂಗ್ ಎಂಬ ನೆಪದಲ್ಲಿ ಸ್ಪರ್ಧೆಯ ಹಿಂದಿನ ದಿನ ಮುನ್ನೂರು ಮೈಲಿಯ ಡ್ರೈವಿಗೆ ಹೊರಟರು.

"ರೀ, ಮೀಟಿಂಗ್‌ಗೆ ಐಸ್ ಬಾಕ್ಸ್ ಯಾಕೆ?" ಎಂದರು ಹೆಂಡತಿ ಇಂದುಮತಿ.

"ಲಂಚ್‌ಗೆ."

ಇಂಡಿಯನ್ ಅಂಗಡಿಗಳೇ ತುಂಬಿದ ಶಿಕಾಗೋದ ಡೆವನ್ ಬೀದಿಯಲ್ಲಿ ಬುದ್ಧಿ ಉಪಯೋಗಿಸಿ ಆರಿಸಿದರು. ಸಾವಯವ ಎಂದರೆ ಚೆಂದ ಇರಬಾರದು ಎಂಬುದು ಯುರೋಪು ಕಲಿಸಿದ ಪಾಠ. ಸೊಟ್ಟ ಹೀರೇಕಾಯಿ, ಮಚ್ಚೆ ಬಿದ್ದ ಬದನೆ. ಎಲ್ಲಕ್ಕೂ ಕಿರೀಟವಿಟ್ಟ ಹಾಗೆ, ಯಾವ ದೇಶದಿಂದಲೋ ಬಂದಿಳಿದಿದ್ದ ಎರಡು ಪೌಂಡ್ ಸೊಗಡಿನ ಅವರೆಕಾಯಿ! ಅದರ ವಾಸನೆಗೆ ಸೋಲದ ಕನ್ನಡಿಗ ಯಾರು? ಮನೆಗೆ ಬಂದು ಗ್ಯಾರೇಜಿನಲ್ಲಿ ಕೂತು ಸ್ಟಿಕರ್ ಕಿತ್ತರು, ಪಾಲಕ್ ಎಲೆಗೆ ಟೂತ್‌ಪಿಕ್ಕಿನಿಂದ ಹುಳು ತಿಂದಂತೆ ತೂತು ಮಾಡಿದರು, ಹಿತ್ತಲ ಮಣ್ಣು ಸವರಿದರು. ಹುಳುವೇ ಮೋಸಹೋಗಬೇಕು, ಹಾಗಿತ್ತು.

ಸ್ಪರ್ಧೆಯಲ್ಲಿ ಬುಟ್ಟಿಯ ಸುತ್ತ ಜನ ನೆರೆದರು. ವಸುಧಾಳ ಟೊಮೇಟೊ ಕಡೆ ಯಾರೂ ಹೋಗಲಿಲ್ಲ. ತೀರ್ಪು ಹೇಳಬೇಕಾಗಿದ್ದವರು ಹುಬ್ಬಳ್ಳಿ ಕಡೆಯ ಹಿರಿಯಾಕೆ ಬೀಬಿ ಜಾನ್. ಒಂದು ಅವರೆಕಾಯಿ ಎತ್ತಿ ಮೂಸಿ, "ಆಹಾ!" ಎಂದು ಕಣ್ಣು ಮುಚ್ಚಿದರು. ಶೇಷಗಿರಿಯವರು ಮನಸ್ಸಿನಲ್ಲೇ ಅಧ್ಯಕ್ಷ ಭಾಷಣ ಶುರುಮಾಡಿದರು.

ಬೀಬಿ ಜಾನ್ ಕಣ್ಣು ತೆರೆದರು. "ಶೇಷಗಿರಿಯವರ, ಈ ಊರಾಗ ಜುಲೈದಾಗ ರಾತ್ರಿ ಒಂಬತ್ತರ ತನಕ ಬೆಳಕಿರ್ತದ. ಹಗಲು ಸಣ್ಣ ಆಗೂತನಕ ಅವರಿ ಬಳ್ಳಿ ಹೂವಾ ಬಿಡಂಗಿಲ್ಲ. ನಿಮ್ಮದು ಕಾಯಿ ಹೆಂಗ ಬಿಡ್ತು?" ಯಾರೂ ಬೆರಗಾಗಲಿಲ್ಲ, ಬಾಯಿಗೆ ಕೈ ಅಡ್ಡ ಹಿಡಿದು ನಗು ತಡೆದುಕೊಂಡರು. ಅಲ್ಲಿ ನಿಂತಿದ್ದವರೆಲ್ಲ ಒಂದಲ್ಲ ಒಂದು ವರ್ಷ ಆಸೆಪಟ್ಟು ಅವರೆ ಹಾಕಿ, ಸೆಪ್ಟೆಂಬರಿನಲ್ಲಿ ಹೂ ಕಂಡು ಹಿಗ್ಗಿ, ಕಾಯಿ ಬಲಿಯುವ ಮುಂಚೆಯೇ ಅಕ್ಟೋಬರಿನ ಹಿಮಕ್ಕೆ ಬಳ್ಳಿ ಕಳೆದುಕೊಂಡವರೇ. ಒಂದು ಬೀಜವನ್ನೂ ಊರಿ ನೋಡದವರು ಶೇಷಗಿರಿಯವರು ಮಾತ್ರ.