ಸಾಯಲೊಲ್ಲದ ನಾಲ್ಕು ಜಕರಂಡ

ಆಗಸ್ಟ್ 19, ಬೆಳಿಗ್ಗೆ 9.10. ಟುನೀಸಿಯಾದ ಕೈರವಾನ್ ನಗರದ ದಕ್ಷಿಣ ಠಾಣೆಗೆ ಬಂದ ದೂರು ಇಷ್ಟೇ: ಸಾಯಬೇಕಿದ್ದ ನಾಲ್ಕು ಮರಗಳು ಸಾಯುತ್ತಿಲ್ಲ.

ದೂರು ಕೊಟ್ಟವರು ನಗರಸಭೆಯ ಮರಗಳ ಎಂಜಿನಿಯರ್ ವಿದಾದ್. ಯಾರೋ ಕದ್ದು ನೀರು ಹಾಕುತ್ತಿದ್ದಾರೆಂದು ಅವರ ಅನುಮಾನ. ಇನ್‌ಸ್ಪೆಕ್ಟರ್ ಲಸ್ಸಾದ್ ಪೆನ್ನು ಕೆಳಗಿಟ್ಟರು.

"ನೀರು ಹಾಕಿದೋರನ್ನ ಹಿಡೀಬೇಕಾ ಮೇಡಂ?" ಎಂದ ಪೇದೆ ಮುಂಜಿ. "ಹಾಗಾದ್ರೆ ನಮ್ಮನೇಲಿ ಎಲ್ಲರೂ ನಿರಪರಾಧಿಗಳೇ. ನಲ್ಲೀಲಿ ಹನಿ ಬರಲ್ಲ."

ವಿದಾದ್ ನಗಲಿಲ್ಲ. ಬಸ್ ನಿಲ್ದಾಣದ ಬೀದಿಯಲ್ಲಿ ಹನ್ನೆರಡು ಎಳೆಮರಗಳ ಪರೀಕ್ಷೆ ನಡೆದಿತ್ತು: ಕ್ಯಾರೋಬ್, ಬೋರೆ, ಜಕರಂಡ, ತಲಾ ನಾಲ್ಕು, ಬೆರಕೆಯಾಗಿ ನೆಟ್ಟಿದ್ದು. ಬುಡಕ್ಕೆ ಮೊಹರು ಹಾಕಿದ ಕಬ್ಬಿಣದ ಮುಚ್ಚಳ, ಕೆಳಗೆ ಮಣ್ಣಿನ ತೇವ ಬರೆದಿಡುವ ಯಂತ್ರ. ನೀರಿಲ್ಲದೆ ಎರಡು ಬೇಸಿಗೆ ದಾಟಿದ ಜಾತಿಯನ್ನೇ ಊರಿಡೀ ನೆಡುವುದು.

"ಜಕರಂಡ ಮೊದಲು ಒಣಗಬೇಕಿತ್ತು. ಅದೇ ಚಿಗುರ್ತಾ ಇದೆ. ಇದನ್ನ ನಂಬಿ ನೆಟ್ರೆ, ಹತ್ತು ವರ್ಷಕ್ಕೆ ಊರಲ್ಲಿ ನೆರಳೇ ಇರಲ್ಲ."

10.40ಕ್ಕೆ ಪಂಚನಾಮೆ. ನಾಲ್ಕು ಜಕರಂಡಗಳ ಮೊಹರನ್ನಷ್ಟೇ ಒಡೆದು ಮೇಣದಿಂದ ಮತ್ತೆ ಅಂಟಿಸಲಾಗಿತ್ತು. ಲಸ್ಸಾದ್ ಚಿಟಿಕೆ ಮಣ್ಣು ತೆಗೆದು ಮೂಸಿದರು. ಕರ್ಪೂರ.

ಮುಂಜಿ ಎರಡು ಹೆಜ್ಜೆ ಹಿಂದೆ ಸರಿದ. "ಸಾರ್, ಕೈ ತೊಳ್ಕೊಳ್ಳಿ. ಇದು ಕರ್ಪೂರ ಬೆರೆಸಿ ಹೆಣ ತೊಳೆದ ನೀರು."

ಎದುರಿನ ಕ್ಷೌರಿಕನನ್ನು ಕೇಳಿದರು. "ಮಧ್ಯಾಹ್ನ ಎರಡಕ್ಕೆ ಈ ಬಿಸಿಲಲ್ಲಿ ಯಾರು ಓಡಾಡ್ತಾರೆ ಸಾರ್? ಹೆಣದ ನೀರು ಹೊತ್ತೋರು ಕಂಡ್ರೂ, ಕಾಣ್ಲಿಲ್ಲ ಅನ್ಕೊಂಡು ಬಾಗ್ಲು ಹಾಕ್ಕೋತೀನಿ."

ಠಾಣೆಯಲ್ಲಿ ಲಸ್ಸಾದ್ ಯಂತ್ರದ ದಾಖಲೆ ಓದಿದರು. ಮುಂಜಿಯ ಮುಂದೆ ಆ ಬಡಾವಣೆಯ ಮರಣ ನೋಂದಣಿ.

"ಜುಲೈ 11. ಐದನೇ ಮರ, ಒಂದು ಜಕರಂಡ."

"ಜುಲೈ 11. ತುರ್ಕಿಯ್ಯಾ, ಅರವತ್ಮೂರು."

"ಜುಲೈ 15. ನಾಲ್ಕೂ ಜಕರಂಡ."

"ಸಾಲ್ಹಾ, ಎಂಬತ್ತು."

ಹದಿನಾಲ್ಕು ಸಲ ತೇವ, ಹದಿನಾಲ್ಕು ಹೆಂಗಸರ ಸಾವು. ಧಗೆ ಏರಿದಷ್ಟೂ ಸಾವು, ಸಾವು ಹೆಚ್ಚಿದಷ್ಟೂ ಚಿಗುರು. ಗಂಡಸರು ಸತ್ತ ದಿನಗಳಲ್ಲಿ ಮಾತ್ರ ಮಣ್ಣು ಒಣಗಿಯೇ ಇತ್ತು. ಹೆಂಗಸರ ಹೆಣ ತೊಳೆಯುವವಳು ಆ ಬಡಾವಣೆಯಲ್ಲಿ ಒಬ್ಬಳೇ: ವನೀಸಾ.

ಜಕರಂಡಕ್ಕಷ್ಟೇ ಏಕೆ? ಲಸ್ಸಾದರಿಗೆ ಆಗ ಹೊಳೆಯಿತು. ಕ್ಯಾರೋಬ್‌ನ ಕಾಯಿ, ಬೋರೆಹಣ್ಣು ಜನ ತಿನ್ನುತ್ತಾರೆ. ಜಕರಂಡದ್ದು ಯಾವುದೂ ಬಾಯಿಗೆ ಹೋಗದು. ಹೆಣ ತೊಳೆದ ನೀರನ್ನು ಕಾಲು ತುಳಿಯಬಾರದು, ಬಾಯಿ ಮುಟ್ಟಬಾರದು.

3.20ಕ್ಕೆ ವನೀಸಾಳ ಮನೆ. ಬಾಗಿಲ ಬಳಿಯೇ ಎರಡು ಕ್ಯಾನು.

"ಮರಗಳ ಬಳಿಯ ಫಲಕ ಓದಿದ್ರಾ, ಹಾಜ್ಜಾ?" ಹಿರಿಯಳನ್ನು ಗೌರವದಿಂದ ಕರೆಯುವಂತೆ ಕರೆದು ಲಸ್ಸಾದ್ ಕೇಳಿದರು.

"ಓದಿದೀನಪ್ಪ. ನೀರು ಹಾಕಬೇಡಿ ಅಂತಿತ್ತು."

"ಮತ್ತೆ?"

"ಜುಲೈ ಹನ್ನೊಂದನೇ ತಾರೀಕು ತೊಳೆದದ್ದು ನನ್ನ ತಂಗೀನ. ಬಸ್ ಕಾಯ್ತಾ ಬಿಸಿಲಿಗೆ ಬಿದ್ಲು. ಮುಂಚೆ ನೀರು ಸುರೀತಿದ್ದ ಬಯಲಿಗೆ ಡಾಂಬರು ಹಾಕ್ಬಿಟ್ರು. ಯಾರೂ ತುಳಿಯದ ಮಣ್ಣು ಉಳಿದದ್ದು ನಿಮ್ಮ ಮುಚ್ಚಳದ ಕೆಳಗೆ ಮಾತ್ರ."

"ಒಂದು ಸಲಕ್ಕೆ ನಿಲ್ಲಿಸಬಹುದಿತ್ತು."

"ಒಣಗಿದ ಮರ ಬೇರುಮಣ್ಣು ಸಮೇತ ಕೀಳ್ತೀವಿ ಅಂತಾನೂ ಬರೆದಿದ್ರಲ್ಲ. ತಂಗಿ ನೀರು ಯಾರ್ಯಾರ ಚಪ್ಪಲಿಗೆ ಮೆತ್ತಬೇಕಿತ್ತು? ಒಂದೇ ಮರ ಹಸಿರಾದ್ರೆ ಎಂಜಿನಿಯರಮ್ಮಂಗೆ ಗೊತ್ತಾಗ್ತಿತ್ತು. ಆಮೇಲೆ ಸತ್ತೋರ ನೀರನ್ನ ನಾಲ್ಕಕ್ಕೂ ಹಂಚಿದೆ."

5.05ಕ್ಕೆ ಬಂಧನ. ಆರೋಪ: ಸರಕಾರಿ ಮೊಹರು ಒಡೆದು ಪರೀಕ್ಷೆ ಕೆಡಿಸಿದ್ದು. ಉದ್ದೇಶದ ಕಾಲಂನಲ್ಲಿ ಲಸ್ಸಾದ್ ಬರೆದರು: ಸತ್ತವಳನ್ನು ಯಾರೂ ತುಳಿಯದಿರಲಿ ಎಂದು.

ಸಹಿಗೆ ಬಂದ ವಿದಾದ್ ಪಟ್ಟಿಯಿಂದ ಜಕರಂಡವನ್ನು ಹೊಡೆದು ಹಾಕಿದರು. ಸೋಮವಾರ ನಾಲ್ಕನ್ನೂ ಬೇರುಮಣ್ಣು ಸಮೇತ ಅಗೆಯುತ್ತಾರೆ.

ಅಷ್ಟರಲ್ಲಿ ಇಬ್ಬರು ಹೆಂಗಸರು ಒಳಬಂದರು. ಮನೆಯಲ್ಲಿ ಅತ್ತೆ ತೀರಿಕೊಂಡಿದ್ದಾರೆ, ಸೂರ್ಯ ಮುಳುಗುವುದರೊಳಗೆ ಮಣ್ಣು ಮಾಡಬೇಕು. ವನೀಸಾ ಎದ್ದು ಅಂಗಿಯ ತೋಳು ಮಡಚಿದಳು. ಲಸ್ಸಾದ್ ಅವಳ ಜೊತೆ ಹೋಗುವಂತೆ ಮುಂಜಿಗೆ ಸನ್ನೆ ಮಾಡಿದರು.

ಮುಂಜಿ ಹೊಸ್ತಿಲಲ್ಲೇ ನಿಂತ. "ಹೋಗ್ತೀನಿ ಸಾರ್. ತೊಳೆದಾದ ಮೇಲೆ, ನೀರು ಎಲ್ಲಿಗೆ?"

ವಿದಾದ್ ಬೀದಿಯ ನಕ್ಷೆಯ ಮೇಲೆ ಬೆರಳಿಟ್ಟು ಯಾರೂ ತುಳಿಯದ ಮಣ್ಣನ್ನು ಹುಡುಕುತ್ತಲೇ ಇದ್ದರು.